ಭಾನುವಾರ ಮಾಗಡಿ ಕೆರೆಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಗದಗ ಬಸ್ ನಿಲ್ದಾಣದ ಮುಂದೆ ಸೇರೋಣ. ತಡ ಮಾಡಬೇಡಿ.

ಪಟ್ಟೆತಲೆ ಹೆಬ್ಬಾತುಗಳು ಬಂದಿವೆ! "ಚಳಿ ತಾಳಲಾರದೆ ಬರುತ್ತವಾ?" ಅಂತ ನಿನ್ನೆ ಒಬ್ಬರು ಕೇಳಿದ್ದರು. ಚಳಿಗಿಂತ ಹೊಟ್ಟೆಪಾಡೇ ಜಾಸ್ತಿ. ಮಂಗೋಲಿಯಾ, ಟಿಬೆಟ್‌ ಕಡೆ ಕೆರೆಗಳು ಹೆಪ್ಪುಗಟ್ಟಿದರೆ ಮೇವು ಸಿಗಬೇಕಲ್ವಾ? ಹಿಮಾಲಯ ದಾಟುವಾಗ ಇವು 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆ ಇದೆ. ಅಲ್ಲಿ ಗಾಳಿ ತೀರಾ ತೆಳು. ಆದರೆ ಇವುಗಳ ರಕ್ತ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ದಾರಿಯುದ್ದಕ್ಕೂ ಅಷ್ಟೆತ್ತರದಲ್ಲೇ ಇರುವುದಿಲ್ಲ. ಬೆಟ್ಟ ಏರಿದಂತೆ ಏರುತ್ತವೆ, ಇಳಿದಂತೆ ಇಳಿಯುತ್ತವೆ.

ಡ್ರೋನ್ ಬೇಡ, ಕೆಂಪು ಅಂಗಿಯೂ ಬೇಡ. ದುರ್ಬೀನು ಇದ್ದವರು ದಯವಿಟ್ಟು ತನ್ನಿ. ನನ್ನದರ ಒಂದು ಕಣ್ಣು ಮಂಜಾಗಿದೆ.