ಸತ್ಯವೇದ ಪಾಠದ ಕುರಿತು ಆರರಿಂದ ಎಂಟನೆಯ ತರಗತಿಯ ಪೋಷಕರಿಗೆ

ವಿಜಯಪುರ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ವರ್ಷದ ಸತ್ಯವೇದ, ಅಂದರೆ ಬೈಬಲ್, ಪಾಠ ಮುಂದಿನ ಗುರುವಾರ ಕೊನೆಯ ಅವಧಿಯಲ್ಲಿ ಆರಂಭವಾಗುತ್ತದೆ. ಮೊದಲು ಒಪ್ಪಿಗೆಯ ಮಾತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರು ಒಪ್ಪದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ಕಾನೂನು ಹೇಳದಿದ್ದರೂ ನಾವು ಹಾಗೆಯೇ ನಡೆಯುತ್ತಿದ್ದೆವು. ಬಲವಂತಕ್ಕೆ ಕೂತ ಮಗುವಿನ ಎದೆಗೆ ಯಾವ ಒಳ್ಳೆಯ ಮಾತೂ ಇಳಿಯುವುದಿಲ್ಲ. ಬೇಡ ಎನ್ನುವವರ ಮಕ್ಕಳಿಗೆ ಅದೇ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಮೌಲ್ಯ ಶಿಕ್ಷಣದ ತರಗತಿ ನಡೆಯುತ್ತದೆ. ಅಂಕದಲ್ಲಾಗಲಿ ಶಿಕ್ಷಕರ ಅಕ್ಕರೆಯಲ್ಲಾಗಲಿ ಅವರಿಗೆ ಎಳ್ಳಷ್ಟೂ ಕೊರತೆಯಾಗದು.

ಕ್ರೈಸ್ತ ಕುಟುಂಬದವರ ಜೊತೆ ಇನ್ನೂ ಸ್ವಲ್ಪ ಮಾತನಾಡುವುದಿದೆ. ಮಗು ಎಷ್ಟು ವಾಕ್ಯ ಬಾಯಿಪಾಠ ಮಾಡಿದೆ ಎಂದು ನೀವು ಕೇಳುತ್ತೀರಿ. ಬಾಯಿಪಾಠ ಬೇಡವೆನ್ನುವವಳು ನಾನಲ್ಲ. ಕರ್ತರ ಪ್ರಾರ್ಥನೆ ನಾಲಿಗೆಯ ಮೇಲಿದ್ದರೆ ಕಷ್ಟಕಾಲದಲ್ಲಿ ತಾನಾಗಿ ಬರುತ್ತದೆ. ಆದರೆ ಹನ್ನೆರಡು, ಹದಿಮೂರರ ಮಕ್ಕಳು ಅಷ್ಟಕ್ಕೇ ನಿಲ್ಲುವವರಲ್ಲ, ವಾದಕ್ಕೆ ನಿಲ್ಲುತ್ತಾರೆ.

ಕಳೆದ ವರ್ಷ ಏಳನೆಯ ತರಗತಿಯಲ್ಲಿ ಯೇಸುವಿನ ಬದುಕು ಮತ್ತು ಬೋಧನೆಯನ್ನು ಹೇಳುವ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ಪಾಠ ನಡೆದಿತ್ತು. ದ್ರಾಕ್ಷಿ ತೋಟದ ಯಜಮಾನ ಬೆಳಗಿನಿಂದ ದುಡಿದವರಿಗೂ, ಹೊತ್ತು ಮುಳುಗುವ ಮುಂಚೆ ಬಂದು ಒಂದೇ ತಾಸು ದುಡಿದವರಿಗೂ ಸಮನಾದ ಕೂಲಿ ಕೊಡುವ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ನಮ್ಮ ಮಕ್ಕಳಿಗೆ ದ್ರಾಕ್ಷಿ ತೋಟದ ಬಗ್ಗೆ ಹೇಳಿಕೊಡಬೇಕೇ? ತಿಕೋಟಾ ಕಡೆಯ ಹುಡುಗನೊಬ್ಬ ಎದ್ದು ನಿಂತ: "ಇದು ಅನ್ಯಾಯ, ಟೀಚರ್. ನಮ್ಮವ್ವ ನಸುಕಿನಲ್ಲೇ ಕೊಯ್ಲಿಗೆ ಹೋಗುತ್ತಾಳೆ." ಶಿಕ್ಷಕಿ ಅವನನ್ನು ಕೂರಿಸಲಿಲ್ಲ. ಸಂಜೆಯವರೆಗೆ ನಿಂತವರನ್ನು ಯಾರೂ ಏಕೆ ಕರೆಯಲಿಲ್ಲ ಎಂದು ತರಗತಿಯನ್ನೇ ಕೇಳಿದರು. ಹಿಂದಿನ ಸಾಲಿನ ಹುಡುಗಿ, "ವಯಸ್ಸಾದವರನ್ನು ಮೇಸ್ತ್ರಿ ಟ್ರ್ಯಾಕ್ಟರ್ ಹತ್ತಿಸಿಕೊಳ್ಳುವುದಿಲ್ಲ. ನಮ್ಮಜ್ಜನೂ ಹಾಗೆಯೇ ಮನೆಗೆ ವಾಪಸ್ಸು ಬರುತ್ತಾನೆ" ಎಂದಳು. ಆ ಅಜ್ಜನ ಮನೆಯಲ್ಲೂ ಒಲೆ ಉರಿಯಬೇಕಲ್ಲವೇ ಎಂಬ ಮಾತು ಮಕ್ಕಳ ಬಾಯಿಂದಲೇ ಬಂತು. ಎದ್ದು ನಿಂತಿದ್ದ ಹುಡುಗ ಕೊನೆಗೂ ಪೂರ್ತಿ ಒಪ್ಪಲಿಲ್ಲ. ಒಪ್ಪಲೇಬೇಕೆಂದು ನಾವೂ ಹಟ ಹಿಡಿಯಲಿಲ್ಲ. ಆ ತಾಯಿಯ ಬೆವರಿಗೆ ನ್ಯಾಯ ಕೇಳಿದ ಮಗ ಅವನು. ದೇವರ ಕೃಪೆ ನಮ್ಮ ಲೆಕ್ಕಕ್ಕಿಂತ ದೊಡ್ಡದೆಂಬುದು ಅವನಿಗೆ ನಿಧಾನವಾಗಿ ತಿಳಿಯಲಿ.

ಇಂಥ ಪ್ರಶ್ನೆ ಮನೆಗೂ ಬರುತ್ತದೆ. "ದೇವರ ವಿಷಯದಲ್ಲಿ ಹೀಗೆಲ್ಲ ಕೇಳಬಾರದು" ಎಂದು ದಯವಿಟ್ಟು ಬಾಯಿ ಮುಚ್ಚಿಸಬೇಡಿ. ಸತ್ತ ಯೇಸು ಎದ್ದುಬಂದದ್ದನ್ನು ನೋಡದೆ ನಂಬೆನೆಂದ ಶಿಷ್ಯ ತೋಮನನ್ನು ಯೇಸು ಹೊರಗಟ್ಟಲಿಲ್ಲ, ಗಾಯಗಳನ್ನೇ ತೋರಿಸಿದರು. ಉತ್ತರ ತಿಳಿಯದಿದ್ದರೆ ತಿಳಿಯದು ಎನ್ನಿ, ಸುವಾರ್ತೆ ತೆರೆದು ಮಗುವಿನೊಂದಿಗೆ ಓದಿ.

ಆರನೆಯ ತರಗತಿಗೆ ಈ ಬಾರಿ ಜಕ್ಕಾಯನ ಕಥೆಯಿದೆ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ ಸುಂಕದವನು ಅವನು. ಕ್ಷಮೆ ಕೇಳುವುದರ ಜೊತೆಗೆ ನಷ್ಟ ತುಂಬಿಕೊಡುವುದನ್ನೂ ಮಕ್ಕಳು ಕಲಿಯಬೇಕು. ಗೆಳೆಯನ ಕಂಪಾಸ್ ಪೆಟ್ಟಿಗೆ ಮುರಿದವನು ತನ್ನ ಕೈಖರ್ಚಿನಲ್ಲಿ ಕೊಡಿಸಲಿ, ನೀವು ಕೊಡಿಸಬೇಡಿ.

ಎಂಟನೆಯ ತರಗತಿಗೆ ಒಳ್ಳೆಯ ಸಮಾರ್ಯದವನ ಸಾಮ್ಯ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿಕೊಂಡ ಈ ಸಮಾರ್ಯದವನು ಯೆಹೂದ್ಯರು ದೂರವಿಟ್ಟಿದ್ದ ಜನಾಂಗದವನು. ಸಿದ್ಧೇಶ್ವರ ಜಾತ್ರೆಗೂ ಉರುಸಿಗೂ ಕ್ರಿಸ್ಮಸ್‌ಗೂ ಒಟ್ಟಿಗೆ ಓಡಾಡುವ ಮಕ್ಕಳಿರುವ ಊರು ನಮ್ಮದು. ಇನ್ನೊಬ್ಬರ ದೇವರನ್ನು ಹೀಗಳೆಯುವ ಮಾತು ನಮ್ಮ ತರಗತಿಯಲ್ಲಿ ಎಂದಿಗೂ ಬಾರದು. ಮನೆಯಲ್ಲೂ ಬಾರದಂತೆ ನೋಡಿಕೊಳ್ಳಿ.

ಒಪ್ಪಿಗೆ ಪತ್ರ ಡೈರಿಯೊಳಗಿದೆ, ಶನಿವಾರದೊಳಗೆ ಸಹಿ ಮಾಡಿ ಕಳುಹಿಸಿ. ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋಗಿರುವವರು ಊರಿಗೆ ಬಂದಾಗ ಸಹಿ ಮಾಡಬಹುದು. ಅಲ್ಲಿಯವರೆಗೆ ಮಗು ಮೌಲ್ಯ ಶಿಕ್ಷಣದ ತರಗತಿಯಲ್ಲಿರುತ್ತದೆ. ಪಾಠ ಹೇಗೆ ನಡೆಯುತ್ತದೆಂದು ನೋಡಬಯಸುವವರು, ಯಾವ ಧರ್ಮದವರೇ ಆಗಲಿ, ಯಾವುದೇ ಗುರುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು.

ಇಂತಿ,
ಮುಖ್ಯೋಪಾಧ್ಯಾಯಿನಿ