ಲೆವೆಲ್ ತಪ್ಪಿದ ಮಗಳಿಗೊಂದು ಪತ್ರ

ಮಗಳೇ,

ಸರ್ವೆ ಕ್ಯಾಂಪಿನಲ್ಲಿ ಲೆವೆಲ್, ಅಂದರೆ ನೆಲದ ಏರಿಳಿತದ ಅಳತೆ, ತಪ್ಪಿ ಎಲ್ಲರೆದುರು ಬೈಸಿಕೊಂಡೆಯಂತೆ, ಅಮ್ಮ ಹೇಳಿದಳು. ಫೋನಿನಲ್ಲಿ ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೈಲ್ವೆಯ ಪಿತಾಮಹ ಎನ್ನಿಸಿಕೊಂಡ ಜಾರ್ಜ್ ಸ್ಟೀಫನ್‌ಸನ್ ಕೂಡ ಲೆವೆಲ್ಲಿನಲ್ಲೇ ಸಿಕ್ಕಿಬಿದ್ದವನು. 1825ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಮಸೂದೆ ಲಂಡನ್ನಿನಲ್ಲಿ ಸಂಸತ್ ಸಮಿತಿಯ ಮುಂದೆ ಬಂತು. ಎದುರಾಳಿಗಳ ವಕೀಲ ಆಲ್ಡರ್ಸನ್ ಕೇಳಿದ: ಇರ್ವೆಲ್ ನದಿ ಅಲ್ಲಿ ಎಷ್ಟು ಅಗಲ? ಸೇತುವೆಗೆ ಎಷ್ಟು ಕಮಾನು? ಇವನಲ್ಲಿ ಉತ್ತರವಿರಲಿಲ್ಲ. ಲೆವೆಲ್ಲುಗಳೂ ತಪ್ಪಿದ್ದವು; ಅಳತೆಯನ್ನು ಸಹಾಯಕರಿಗೆ ಬಿಟ್ಟು ತಾನು ತಾಳೆ ನೋಡಿರಲಿಲ್ಲ. ಜಮೀನುದಾರರು ಕಾವಲು ಹಾಕಿದ್ದರಿಂದ ಕೆಲವು ಕಡೆ ಕದ್ದುಮುಚ್ಚಿ ರಾತ್ರಿಯಲ್ಲಿ ಅಳೆಯಬೇಕಾಗಿತ್ತು, ನಿಜ. ಆದರೂ ತಪ್ಪು ತಪ್ಪೇ. ಓದಿದ ವಕೀಲರು ಓದದವನನ್ನು ಹಂಗಿಸಿದರು ಎಂದು ಮರುಗುವವರಿದ್ದಾರೆ. ನನಗೇನೋ ವಕೀಲ ಕೇಳಿದ್ದು ಸರಿಯೆಂದೇ ಅನ್ನಿಸುತ್ತದೆ. ಮಸೂದೆ ಬಿದ್ದುಹೋಯಿತು. ಕಂಪನಿ ಬೇರೆಯವರಿಂದ ಹೊಸ ಸರ್ವೆ ಮಾಡಿಸಿತು. 1826ರಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಕಟ್ಟಲು ಮತ್ತೆ ಇವನನ್ನೇ ಕರೆಯಿತು.

ದಾರಿಯಲ್ಲಿ ಚಾಟ್ ಮಾಸ್ ಎಂಬ ಜೌಗು. ಮನುಷ್ಯ ಕಾಲಿಟ್ಟರೆ ಹೂತುಹೋಗುವಂಥದ್ದು. ವಾರಗಟ್ಟಲೆ ಸುರಿದ ಮಣ್ಣೆಲ್ಲ ಅದರ ಹೊಟ್ಟೆ ಸೇರಿತು. ತಳ ಹುಡುಕುವುದನ್ನು ಬಿಟ್ಟು ಅವನು ಹಳಿಯನ್ನು ತೇಲಿಸಿದ! ಕೊಂಬೆ ಹೆಣೆದ ತಡಿಕೆ, ಅದರ ಮೇಲೆ ಪೊದೆಗಿಡ, ಮತ್ತೆ ತಡಿಕೆ, ಮೇಲೆ ಮಣ್ಣು, ಜಲ್ಲಿ. ನೀರು ಬಸಿಯಲು ಟಾರಿನ ಪೀಪಾಯಿಗಳ ತಳ ತೆಗೆದು ಒಂದಕ್ಕೊಂದು ಜೋಡಿಸಿ ಹೂತರು. ನಮ್ಮ ಗದ್ದೆಯ ಕೆಸರಿನಲ್ಲಿ ಗಾಡಿ ದಾಟಿಸಲು ನಿನ್ನ ತಾತ ಸೊಪ್ಪು, ಕೊಂಬೆ ಹಾಸುತ್ತಿದ್ದರು. ಓದಿದಾಗ ಅದೇ ನೆನಪಾಯಿತು. 1830ರ ಸೆಪ್ಟೆಂಬರ್ 15ರಂದು ಮಾರ್ಗ ಉದ್ಘಾಟನೆಯಾಯಿತು. ಆ ಜೌಗಿನ ಮೇಲೆ ಇಂದಿಗೂ ರೈಲು ಓಡುತ್ತದೆ.

ಇನ್ನೊಂದು ಸಂಗತಿ. ಗಣಿಯಲ್ಲಿ ದುಡಿಯುತ್ತಿದ್ದ ಅವನು ಅಕ್ಷರ ಕಲಿತದ್ದು ಹದಿನೆಂಟು ದಾಟಿದ ಮೇಲೆ. ಮಗ ರಾಬರ್ಟ್ ಶಾಲೆಗೆ ಹೋಗತೊಡಗಿದಾಗ, ಸಂಜೆ ಅವನ ಪಾಠವನ್ನೇ ಅಪ್ಪನೂ ಕಲಿಯುತ್ತಿದ್ದನಂತೆ.

ನಾನು ಮೂವತ್ತು ವರ್ಷ ನೀರು ತುಂಬಿದ ಪೈಪಿನಲ್ಲೇ ಮಟ್ಟ ನೋಡಿದ ಮೇಸ್ತ್ರಿ. ರಜೆಗೆ ಬರುವಾಗ ಲೆವೆಲ್ ತಪ್ಪಿದ ಆ ಫೀಲ್ಡ್ ಬುಕ್ಕನ್ನೇ, ಅಳತೆ ಬರೆದ ಪುಸ್ತಕವನ್ನೇ, ತಾ. ಬ್ಯಾಕ್ ಸೈಟ್, ಫೋರ್ ಸೈಟ್ ಎಂದು ಹಿಂದಿನ, ಮುಂದಿನ ಬಿಂದುಗಳ ಅಳತೆ ನೋಡುವುದನ್ನು ಕಳೆದ ಸಲ ನೀನು ನನಗೆ ಅರ್ಧಕ್ಕೆ ಹೇಳಿಕೊಟ್ಟು ಮಲಗಿಬಿಟ್ಟಿದ್ದೆ.

ನಿನ್ನ
ಅಪ್ಪ