ಶನಿವಾರದ ಪಾಠ: ಪಾಲಕರ ಗಮನಕ್ಕೆ

ನಮಸ್ಕಾರ. ಈ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ 8ರಿಂದ 10ನೇ ತರಗತಿಯವರಿಗೆ ಹದಿಹರೆಯ ಮತ್ತು ಲೈಂಗಿಕ ಶಿಕ್ಷಣದ ಪಾಠವಿದೆ. ಗಂಡುಮಕ್ಕಳನ್ನೂ ಉಳಿಸಿಕೊಳ್ಳುತ್ತೇವೆ. ಮುಟ್ಟಿನ ವಿಷಯ ಅವರಿಗೂ ಗೊತ್ತಿರಬೇಕು, ಅಲ್ವಾ?

‘ಇದೆಲ್ಲ ಈಗಲೇ ಯಾಕೆ’ ಎಂದು ಕೆಲವರು ಕೇಳಿದ್ದೀರಿ. 10ನೇ ತರಗತಿ ವಿಜ್ಞಾನದಲ್ಲೇ ಸಂತಾನೋತ್ಪತ್ತಿಯ ಪಾಠವಿದೆ. ‘ನೀವೇ ಓದಿಕೊಳ್ಳಿ’ ಎಂದು ಸುಮ್ನೆ ಬಿಟ್ಟರೆ ಮಕ್ಕಳು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದು ಏನೆಂದು ನಿಮಗೇ ಗೊತ್ತು.

ಕಾನೂನೂ ತಿಳಿಯಲಿ. 18 ತುಂಬದವರ ಜೊತೆ ಲೈಂಗಿಕ ಸಂಬಂಧ, ಒಪ್ಪಿಗೆ ಇದ್ದರೂ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮದುವೆ ಮಾಡಿಬಿಟ್ಟರೂ ಅಪರಾಧವೇ. ನಮ್ಮ ಬಾಗಲಕೋಟೆ ಕಡೆ ಬಾಲ್ಯವಿವಾಹ ಇನ್ನೂ ಪೂರ್ತಿ ನಿಂತಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಮಕ್ಕಳ ಸಹಾಯವಾಣಿ 1098 ಅನ್ನು ಎಲ್ಲರೂ ಬರೆದಿಟ್ಟುಕೊಳ್ಳಿ.

ಅನುಮಾನವಿದ್ದವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು. ಊಟದ ಡಬ್ಬಿ ಕಳಿಸುವುದನ್ನು ಮರೆಯಬೇಡಿ.